ಆಟಿಸಂ ಈಗ ಯಾಕೆ ಇಷ್ಟು ಜಾಸ್ತಿ? ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಕ್ಕಳಿಗೆ ಸ್ಪೀಚ್ ಥೆರಪಿ ಮಾಡುವವಳು. ಮಗುವನ್ನು ಕರೆತಂದವರು ಮೊದಲು ಕೇಳುವುದು "ಮಾತು ಯಾವಾಗ ಬರುತ್ತೆ ಮೇಡಂ?" ಅಂತ. ಎರಡನೇದು "ಇದು ಯಾಕೆ ಬಂತು?" ಅಂತ. ಮೊದಲನೇದಕ್ಕೆ ಮಗುವನ್ನು ನೋಡದೆ ಉತ್ತರ ಹೇಳೋಕಾಗಲ್ಲ. ಎರಡನೇದಕ್ಕೆ ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ. ಪ್ರಶ್ನೆಗಳನ್ನು ಜನ ಕೇಳುವ ಧಾಟಿಯಲ್ಲೇ ಇಟ್ಟಿದ್ದೇನೆ.

ನಿಜವಾಗ್ಲೂ ಜಾಸ್ತಿ ಆಗಿದೆಯಾ, ಸುಮ್ನೆ ಹಾಗನ್ನಿಸುತ್ತಾ?

ಆಟಿಸಂ ಅಂದರೆ ಜನರ ಜೊತೆ ಬೆರೆಯುವುದು, ಮಾತು, ನಡವಳಿಕೆ ಬೇರೆ ಥರ ಇರುವ, ಮಿದುಳಿನ ಬೆಳವಣಿಗೆಯ ಒಂದು ಸ್ಥಿತಿ. ಅದು ಇದೆ ಅಂತ ಗುರುತಿಸಿದ ಮಕ್ಕಳ ಸಂಖ್ಯೆ ಜಾಸ್ತಿ ಆಗಿದೆ, ಅದರಲ್ಲಿ ಅನುಮಾನವಿಲ್ಲ. ಇದರ ಲೆಕ್ಕವನ್ನು ವರ್ಷಗಳಿಂದ ಒಂದೇ ಕಡೆ ಬರೆದಿಟ್ಟುಕೊಂಡು ಬಂದಿರುವುದು ಸಿಡಿಸಿ ಅನ್ನುವ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ. ಎಂಟು ವರ್ಷದ ಮಕ್ಕಳಲ್ಲಿ 2000ರಲ್ಲಿ 150ಕ್ಕೆ ಒಂದು ಮಗು ಇತ್ತು. 2010ಕ್ಕೆ ಅದು 68ಕ್ಕೆ ಒಂದಾಯಿತು. 2020ರಲ್ಲಿ 36ಕ್ಕೆ ಒಂದು. 2022ರಲ್ಲಿ 31ಕ್ಕೆ ಒಂದು.

ಈ ಅಂಕಿ ನೋಡಿದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಆದರೆ ಇದು "ಗುರುತಿಸಿದ" ಮಕ್ಕಳ ಲೆಕ್ಕ. ಇರುವ ಮಕ್ಕಳ ಲೆಕ್ಕ ಬೇರೆ. ಈ ಎರಡನ್ನೂ ಒಂದೇ ಅಂದುಕೊಂಡಾಗಲೇ ಅರ್ಧ ಗೊಂದಲ ಶುರುವಾಗುವುದು.

ಗುರುತಿಸುವುದು ಜಾಸ್ತಿ ಆದರೆ ಇಷ್ಟೊಂದು ಏರುತ್ತಾ?

ಏರುತ್ತದೆ. ಲಿಯೋ ಕ್ಯಾನರ್ ಅನ್ನುವ ಮನೋವೈದ್ಯ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದಾಗ ಆಟಿಸಂ ಅಂದರೆ ತುಂಬಾ ಅಪರೂಪದ, ತೀವ್ರವಾದ ಸ್ಥಿತಿ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದಕ್ಕೆ ಸ್ವಂತ ಜಾಗ ಸಿಕ್ಕಿದ್ದೇ 1980ರಲ್ಲಿ. 1987ರಲ್ಲಿ ಲಕ್ಷಣಗಳ ಪಟ್ಟಿಯನ್ನು ಸಡಿಲ ಮಾಡಿದರು. 1994ರಲ್ಲಿ ಆಸ್ಪರ್ಜರ್ ಸೇರಿತು. ಮಾತು ಚೆನ್ನಾಗಿ ಬರುವ, ಓದಿನಲ್ಲಿ ಮುಂದಿರುವ, ಆದರೆ ಜನರ ಜೊತೆ ಬೆರೆಯಲು ಕಷ್ಟಪಡುವ ಮಕ್ಕಳೂ ಒಳಗೆ ಬಂದರು. 2013ರಲ್ಲಿ ಎಲ್ಲವನ್ನೂ ಸೇರಿಸಿ 'ಆಟಿಸಂ ಸ್ಪೆಕ್ಟ್ರಂ' ಅಂದರು. ಅಲ್ಲಿಯವರೆಗೆ ಒಂದೇ ಮಗುವಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಮತ್ತು ಆಟಿಸಂ ಎರಡೂ ಇದೆ ಅಂತ ಬರೆಯುವ ಹಾಗೇ ಇರಲಿಲ್ಲ. ಆಗಿನಿಂದ ಬರೆಯಬಹುದಾಯಿತು.

ಡೆನ್ಮಾರ್ಕ್‌ನಲ್ಲಿ ಇದನ್ನು ಲೆಕ್ಕ ಹಾಕಿಯೇ ನೋಡಿದರು. ಅಲ್ಲಿ 1994ರಲ್ಲಿ ರೋಗನಿರ್ಣಯದ ನಿಯಮ ಬದಲಾಯಿತು. 1995ರಿಂದ ಆಸ್ಪತ್ರೆಗೆ ದಾಖಲಾಗದೆ ಒಪಿಡಿಯಲ್ಲಿ ತೋರಿಸಿಕೊಂಡು ಹೋದವರನ್ನೂ ಎಣಿಸಲು ಶುರುಮಾಡಿದರು. 1980ರಿಂದ 1991ರವರೆಗೆ ಹುಟ್ಟಿದ ಮಕ್ಕಳಲ್ಲಿ ಕಂಡ ಏರಿಕೆಯಲ್ಲಿ ನೂರಕ್ಕೆ ಸುಮಾರು 60 ಭಾಗಕ್ಕೆ ಈ ಎರಡು ಬದಲಾವಣೆಗಳೇ ಕಾರಣ ಅಂತ ಗೊತ್ತಾಯಿತು. ಸ್ವೀಡನ್‌ನಲ್ಲಿ ಅವಳಿ ಮಕ್ಕಳ ಅಪ್ಪ-ಅಮ್ಮಂದಿರಿಗೆ ಪ್ರತಿ ವರ್ಷ ಅದೇ ಪ್ರಶ್ನೆಗಳನ್ನು ಕೇಳುತ್ತಾ ಬಂದರು. ಹತ್ತು ವರ್ಷದಲ್ಲಿ ಆಸ್ಪತ್ರೆ ದಾಖಲೆಗಳಲ್ಲಿ ಆಟಿಸಂ ಏರುತ್ತಲೇ ಹೋಯಿತು. ಮನೆಯವರು ಹೇಳಿದ ಲಕ್ಷಣಗಳು ಮಾತ್ರ ಇದ್ದಲ್ಲೇ ಇದ್ದವು.

ನನಗೆ ಎಲ್ಲಕ್ಕಿಂತ ಕಣ್ಣು ತೆರೆಸಿದ್ದು ದಕ್ಷಿಣ ಕೊರಿಯಾದ ಗೋಯಾಂಗ್ ನಗರದ ಅಧ್ಯಯನ. 2011ರಲ್ಲಿ ಹೊರಬಂತು. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸದೆ, ಸಾಮಾನ್ಯ ಶಾಲೆಗಳಿಗೂ ಹೋಗಿ ಹುಡುಕಿದರು. ನೂರಕ್ಕೆ 2.6 ಮಕ್ಕಳಲ್ಲಿ ಆಟಿಸಂ ಸಿಕ್ಕಿತು. ಅವರಲ್ಲಿ ಮೂರರಲ್ಲಿ ಎರಡು ಭಾಗ ಮಕ್ಕಳು ಸಾಮಾನ್ಯ ಶಾಲೆಯಲ್ಲೇ ಕೂತಿದ್ದರು. ಅದುವರೆಗೆ ಅವರಿಗೆ ಯಾವ ಹೆಸರೂ ಇರಲಿಲ್ಲ, ಯಾವ ಸಹಾಯವೂ ಸಿಕ್ಕಿರಲಿಲ್ಲ.

ಇನ್ನೊಂದು ಮಾತು. ಅಮೆರಿಕದ 2022ರ ಅದೇ ಲೆಕ್ಕದಲ್ಲಿ ಟೆಕ್ಸಾಸ್‌ನ ಲರೇಡೋದಲ್ಲಿ ಸಾವಿರಕ್ಕೆ 9.7 ಮಕ್ಕಳು, ಕ್ಯಾಲಿಫೋರ್ನಿಯಾದ ಕೇಂದ್ರದಲ್ಲಿ ಸಾವಿರಕ್ಕೆ 53.1. ಒಂದೇ ದೇಶದಲ್ಲಿ ಐದು ಪಟ್ಟು ವ್ಯತ್ಯಾಸ. ಮಕ್ಕಳ ಮಿದುಳು ಊರಿಂದೂರಿಗೆ ಅಷ್ಟು ಬದಲಾಗಲ್ಲ. ತಪಾಸಣೆ ಮಾಡುವವರು ಎಲ್ಲಿ ಜಾಸ್ತಿ ಇದ್ದಾರೋ ಅಲ್ಲಿ ಸಂಖ್ಯೆಯೂ ಜಾಸ್ತಿ.

ಹಾಗಾದ್ರೆ ಇದೆಲ್ಲಾ ಬರೀ ಕಾಗದದ ಮೇಲಿನ ಏರಿಕೆ ಅಂತೀರಾ?

ಇಲ್ಲ. ಹಾಗೆ ಹೇಳಿ ಕೈ ತೊಳೆದುಕೊಳ್ಳುವವರೂ ಇದ್ದಾರೆ, ಅದನ್ನು ನಾನು ಒಪ್ಪಲ್ಲ. 2000ದಿಂದ 2016ರವರೆಗಿನ ಅಮೆರಿಕದ ದಾಖಲೆಗಳನ್ನು ಬಿಡಿಸಿ ನೋಡಿದಾಗ, ಮಾತು ಬಾರದ ಅಥವಾ ಬುದ್ಧಿ ಬೆಳವಣಿಗೆ ತುಂಬಾ ಕಡಿಮೆ ಇರುವ ತೀವ್ರ ಆಟಿಸಂ ಸಾವಿರಕ್ಕೆ 2.7ರಿಂದ 4.6ಕ್ಕೆ ಏರಿತ್ತು. ಉಳಿದ ಬಗೆಯದು 3.9ರಿಂದ 14.3ಕ್ಕೆ. ಅಂದರೆ ಏರಿಕೆಯ ಬಹುಪಾಲು ಹಿಂದೆ ಯಾರ ಕಣ್ಣಿಗೂ ಬೀಳದಿದ್ದ ಮಕ್ಕಳದ್ದು. ತೀವ್ರವಾದದ್ದೂ ಸ್ವಲ್ಪ ಏರಿದೆ.

ನಿಜವಾದ ಏರಿಕೆಗೆ ಕಾರಣ ಇರಬಹುದು ಅನ್ನುವಂಥವು ಎರಡು ಗಟ್ಟಿಯಾಗಿ ಗೊತ್ತು. ಒಂದು, ತಡವಾಗಿ ಮಕ್ಕಳಾಗುವುದು. ಅಪ್ಪನ ವಯಸ್ಸು ಒಂದೊಂದು ವರ್ಷ ಏರಿದಾಗಲೂ ಮಗುವಿಗೆ ದಾಟುವ ಹೊಸ ಜೀನ್ ಬದಲಾವಣೆಗಳು ಸರಾಸರಿ ಎರಡೆರಡು ಹೆಚ್ಚುತ್ತಾ ಹೋಗುತ್ತವೆ ಅಂತ 2012ರ ಐಸ್‌ಲ್ಯಾಂಡ್ ಅಧ್ಯಯನ ತೋರಿಸಿತು. ಬಹುತೇಕ ಬದಲಾವಣೆಗಳಿಂದ ಏನೂ ಆಗಲ್ಲ. ಅಪರೂಪಕ್ಕೆ ಕೆಲವು ತೊಂದರೆ ಕೊಡುತ್ತವೆ. ಇನ್ನೊಂದು, ಅವಧಿಗೆ ಮುಂಚೆ ಹುಟ್ಟಿದ ಪುಟಾಣಿಗಳು ಈಗ ಬದುಕುತ್ತಿರುವುದು. ಏಳು ತಿಂಗಳಿಗೆ ಹುಟ್ಟಿ, ಒಂದು ಕೆ.ಜಿ. ತೂಗುವ ಮಗು ಹಿಂದೆ ಉಳಿಯುತ್ತಿದ್ದುದೇ ಕಡಿಮೆ. ಈಗ ಎನ್‌ಐಸಿಯು ಅನ್ನುವ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ ಉಳಿಯುತ್ತದೆ. ಅಂಥ ಮಕ್ಕಳಲ್ಲಿ ನೂರಕ್ಕೆ ಸುಮಾರು ಏಳು ಮಕ್ಕಳಿಗೆ ಆಟಿಸಂ ಕಾಣುತ್ತದೆ. ಇದು ವೈದ್ಯಕೀಯ ಸೋತಿದ್ದರಿಂದ ಬಂದ ಏರಿಕೆ ಅಲ್ಲ.

ನಮ್ಮಜ್ಜಿ ಕಾಲದಲ್ಲಿ ಇಂಥದ್ದು ಇರಲೇ ಇಲ್ಲವಲ್ಲ?

ಇತ್ತು. ಹೆಸರು ಬೇರೆ ಇತ್ತು. ಮದುವೆ ಮನೆಗೆ ಬಾರದೆ ಕೊಟ್ಟಿಗೆಯಲ್ಲೇ ಇರುತ್ತಿದ್ದ ಚಿಕ್ಕಪ್ಪ, ಪಂಚಾಂಗದ ತಾರೀಕುಗಳನ್ನೆಲ್ಲ ಬಾಯಿಪಾಠ ಹೇಳುತ್ತಿದ್ದ ಆದರೆ ಅಂಗಡಿಗೆ ಒಬ್ಬನೇ ಹೋಗಲಾರದ ಅಣ್ಣಯ್ಯ, 'ಮೂಕ' ಅಂತಲೇ ಊರಿಗೆಲ್ಲ ಗೊತ್ತಿದ್ದ ಹುಡುಗಿ. ನಿಮ್ಮ ಮನೆತನದಲ್ಲೂ ಒಬ್ಬರು ನೆನಪಾಗಬಹುದು. ಅವರಿಗೆಲ್ಲ ಆಟಿಸಂ ಇತ್ತು ಅಂತ ಈಗ ಹೇಳೋಕಾಗಲ್ಲ. ಕೆಲವರಿಗಾದರೂ ಇದ್ದಿರಬೇಕು.

ಕಾನೂನೂ ಹಾಗೇ ಇತ್ತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಅನ್ನುವ ಹೆಸರೇ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಬಂತು. 2016ರ ಕಾಯ್ದೆ ಅದನ್ನು 21 ಅಂಗವೈಕಲ್ಯಗಳಲ್ಲಿ ಒಂದಾಗಿ ಸೇರಿಸಿತು. ಸರ್ಟಿಫಿಕೇಟ್ ಸಿಗದ ಕಾಲದಲ್ಲಿ ಯಾರು ಯಾಕೆ ಹೆಸರು ಬರೆಸುತ್ತಾರೆ?

ನಮ್ಮ ದೇಶದಲ್ಲಿ ಎಷ್ಟಿದೆ?

ಅಮೆರಿಕದ ಹಾಗೆ ವರ್ಷ ವರ್ಷದ ಲೆಕ್ಕ ನಮ್ಮಲ್ಲಿಲ್ಲ. ಹಾಗಾಗಿ "ಭಾರತದಲ್ಲಿ ಇಷ್ಟು ಪಟ್ಟು ಏರಿದೆ" ಅನ್ನುವ ವಾಟ್ಸಾಪ್ ಮೆಸೇಜ್ ನೋಡಿದರೆ ಅಲ್ಲೇ ಬಿಟ್ಟುಬಿಡಿ. ನಂಬಬಹುದಾದ ಒಂದು ಲೆಕ್ಕ 2018ರಲ್ಲಿ ಬಂತು. ಪಲ್ವಲ್, ಕಾಂಗ್ಡಾ, ಢೆಂಕಾನಾಲ್, ಉತ್ತರ ಗೋವಾ ಮತ್ತು ಹೈದರಾಬಾದ್‌ಗಳಲ್ಲಿ 2ರಿಂದ 9 ವರ್ಷದ ಸುಮಾರು ನಾಲ್ಕು ಸಾವಿರ ಮಕ್ಕಳನ್ನು ಪರೀಕ್ಷೆ ಮಾಡಿದರು. ಎಂಟರಲ್ಲಿ ಒಂದು ಮಗುವಿಗೆ ಹತ್ತಿರ ಹತ್ತಿರ, ಅಂದರೆ ನೂರಕ್ಕೆ ಸುಮಾರು ಹನ್ನೆರಡು ಮಕ್ಕಳಿಗೆ, ಯಾವುದೋ ಒಂದು ಬೆಳವಣಿಗೆಯ ತೊಂದರೆ ಇತ್ತು: ಕಿವಿ, ಕಣ್ಣು, ಮಾತು, ಮೂರ್ಛೆ, ಬುದ್ಧಿ ಬೆಳವಣಿಗೆ ಹೀಗೆ. ಆ ಹನ್ನೆರಡರಲ್ಲಿ ಆಟಿಸಂ ಇದ್ದದ್ದು ಸುಮಾರು ಒಂದಕ್ಕೆ.

ಈ ಅಂಕಿಯನ್ನು ಇನ್ನೊಂದು ಸಲ ಓದಿ. ಎಲ್ಲರೂ ಮಾತಾಡುವುದು ಆ ಒಂದರ ಬಗ್ಗೆ. ಉಳಿದ ಹನ್ನೊಂದು ಮಕ್ಕಳ ಬಗ್ಗೆ ಯಾರೂ ಕೇಳಲ್ಲ. ಮುಂದೆ ಅದಕ್ಕೇ ಬರುತ್ತೇನೆ.

ಲಸಿಕೆ ಹಾಕಿಸಿದ ಮೇಲೆ ಮಾತು ನಿಂತುಹೋಯ್ತು. ಇದಕ್ಕೇನಂತೀರಿ?

ಇದನ್ನು ಹೇಳುವ ಅಮ್ಮಂದಿರು ಸುಳ್ಳು ಹೇಳುತ್ತಿಲ್ಲ. ಆಟಿಸಂ ಇರುವ ಕೆಲವು ಮಕ್ಕಳು ನಿಜವಾಗಿಯೂ ಒಂದೂವರೆ ವರ್ಷದ ಹೊತ್ತಿಗೆ ಬಂದ ನಾಲ್ಕಾರು ಪದಗಳನ್ನು ಕಳೆದುಕೊಳ್ಳುತ್ತಾರೆ. ನಮ್ಮ ತಾಯಿ ಕಾರ್ಡ್‌ನಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಎರಡನೇ ಡೋಸ್ ಬರುವುದೂ 16ರಿಂದ 24 ತಿಂಗಳ ನಡುವೆ. ಎರಡೂ ಒಂದೇ ಸಮಯಕ್ಕೆ ಬಂದಾಗ ಒಂದಕ್ಕೊಂದು ಗಂಟು ಹಾಕುವುದು ಸಹಜ.

ಗಂಟು ನಿಜವೋ ಅಂತ ನೋಡುವುದು ಹೇಗೆ? ಲಸಿಕೆ ಹಾಕಿಸಿದ ಮಕ್ಕಳನ್ನೂ ಹಾಕಿಸದ ಮಕ್ಕಳನ್ನೂ ಹೋಲಿಸಬೇಕು. ಡೆನ್ಮಾರ್ಕ್‌ನವರು ಅದನ್ನು ಎರಡು ಸಲ ಮಾಡಿದರು. 2002ರಲ್ಲಿ ಐದು ಲಕ್ಷಕ್ಕೂ ಜಾಸ್ತಿ ಮಕ್ಕಳು, 2019ರಲ್ಲಿ ಆರೂವರೆ ಲಕ್ಷ ಮಕ್ಕಳು. ಎರಡು ಗುಂಪಿನಲ್ಲೂ ಆಟಿಸಂ ಒಂದೇ ಪ್ರಮಾಣ. ಜಪಾನ್‌ನಲ್ಲಿ ಬೇರೆ ಕಾರಣಕ್ಕೆ 1993ರಲ್ಲಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯನ್ನೇ ನಿಲ್ಲಿಸಿದರು. ಯೊಕೊಹಾಮಾದಲ್ಲಿ ಆಮೇಲೆ ಹುಟ್ಟಿದ ಮಕ್ಕಳಲ್ಲೂ ಆಟಿಸಂ ಏರುತ್ತಲೇ ಹೋಯಿತು. ಲಸಿಕೆ ಕೆಡದಂತೆ ಹಾಕುವ, ಪಾದರಸ ಇರುವ ಥೈಮರೋಸಾಲ್ ಕಾರಣ ಅಂತ ಕೆಲವರು ಅಂದರು. ಅಮೆರಿಕದಲ್ಲಿ 2001ರ ಹೊತ್ತಿಗೆ ಮಕ್ಕಳ ವಾಡಿಕೆ ಲಸಿಕೆಗಳಿಂದ ಅದನ್ನು ತೆಗೆದರು. ಮೇಲೆ ಕೊಟ್ಟ ಸಿಡಿಸಿ ಅಂಕಿಗಳು ಏರಿದ್ದು ಅದಾದ ಮೇಲೇ.

ಈ ಕಥೆ ಹುಟ್ಟಿದ್ದು 1998ರಲ್ಲಿ. ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನುವ ಬ್ರಿಟನ್ನಿನ ವೈದ್ಯ ಬರೀ 12 ಮಕ್ಕಳ ಮೇಲೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನದಿಂದ. ಮಕ್ಕಳ ದಾಖಲೆಗಳನ್ನೇ ತಿರುಚಿದ್ದು ಪತ್ರಕರ್ತರೊಬ್ಬರ ಹುಡುಕಾಟದಿಂದ ಹೊರಬಿತ್ತು. 2010ರಲ್ಲಿ ಆ ಪತ್ರಿಕೆ ಲೇಖನವನ್ನು ವಾಪಸ್ ಪಡೆಯಿತು. ಅದೇ ವರ್ಷ ಅವನ ವೈದ್ಯ ನೋಂದಣಿಯೂ ರದ್ದಾಯಿತು. 2025ರ ನವೆಂಬರ್‌ನಲ್ಲಿ ಸಿಡಿಸಿ ತನ್ನ ವೆಬ್‌ಸೈಟ್‌ನಲ್ಲಿ "ಲಸಿಕೆಯಿಂದ ಆಟಿಸಂ ಬರಲ್ಲ" ಅಂತ ಇದ್ದ ಮಾತನ್ನು ಬದಲಾಯಿಸಿತು. ಅದನ್ನೇ ಹಿಡಿದುಕೊಂಡು ಈಗ ವಿಡಿಯೋಗಳು ಓಡಾಡುತ್ತಿವೆ. ಬದಲಾಗಿದ್ದು ಅಲ್ಲಿನ ರಾಜಕೀಯ. ಮೇಲೆ ಹೇಳಿದ ಲಕ್ಷಾಂತರ ಮಕ್ಕಳ ಲೆಕ್ಕ ಬದಲಾಗಿಲ್ಲ.

1994ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಒಂದು ಜಾಣ ಕೆಲಸ ಮಾಡಿದರು. ಮುಂದೆ ಆಟಿಸಂ ಅಂತ ಗೊತ್ತಾದ ಮಕ್ಕಳ ಮೊದಲ ವರ್ಷದ ಬರ್ತ್‌ಡೇ ವಿಡಿಯೋಗಳನ್ನು ಕೇಳಿ ತರಿಸಿಕೊಂಡರು. ಬೇರೆ ಮಕ್ಕಳ ಬರ್ತ್‌ಡೇ ವಿಡಿಯೋಗಳ ಜೊತೆ ಇಟ್ಟು ನೋಡಿದರು. ಮುಖ ನೋಡುವುದು, ಹೆಸರು ಕರೆದರೆ ತಿರುಗುವುದು, ಬೆರಳು ತೋರಿಸುವುದು, ಕೈಲಿರುವುದನ್ನು ಇನ್ನೊಬ್ಬರಿಗೆ ತೋರಿಸುವುದು — ಒಂದನೇ ವರ್ಷಕ್ಕೇ, ಅಂದರೆ ಬಂದ ಪದಗಳು ಹೋಗುವ ವಯಸ್ಸಿಗೆ ಮುಂಚೆಯೇ, ಇವೆಲ್ಲ ಕಡಿಮೆ ಇದ್ದವು. ಮನೆಯವರಿಗೆ ಅನುಮಾನ ಬಂದಿದ್ದು ಎಷ್ಟೋ ತಿಂಗಳ ಮೇಲೆ. ನಿಮ್ಮ ಹತ್ತಿರವೂ ಅಂಥ ವಿಡಿಯೋ ಇದ್ದರೆ ತಪಾಸಣೆಗೆ ಬರುವಾಗ ಫೋನಿನಲ್ಲಿ ಹಾಕಿಕೊಂಡು ಬನ್ನಿ. ನಮಗೆ ತುಂಬಾ ಉಪಯೋಗ ಆಗುತ್ತದೆ.

ಇನ್ನೊಂದು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗಲೂ ಪುಕಾರು ಎದ್ದಿತ್ತು. ಬಸುರಿಗೆ ರುಬೆಲ್ಲಾ ಬಂದರೆ ಮಗುವಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ತೊಂದರೆ ಬರಬಹುದು. ಆಟಿಸಂ ಸಾಧ್ಯತೆಯೂ ಏರುತ್ತದೆ. 1964ರ ಅಮೆರಿಕದ ರುಬೆಲ್ಲಾ ಹಾವಳಿಯ ನಂತರ ಹುಟ್ಟಿದ ಮಕ್ಕಳಲ್ಲಿ ಇದನ್ನು ನೋಡಿದ್ದಾರೆ. ಆಟಿಸಂ ಭಯಕ್ಕೆ ಈ ಲಸಿಕೆ ಬಿಡುವುದು ಪೂರಾ ತಲೆಕೆಳಗಾದ ಲೆಕ್ಕ.

ಮೊಬೈಲ್‌ನಿಂದ ಆಟಿಸಂ ಬರುತ್ತಾ? 'ವರ್ಚುವಲ್ ಆಟಿಸಂ' ಅಂತಾರಲ್ಲ?

ಯೂಟ್ಯೂಬ್‌ನಲ್ಲಿ ತುಂಬಾ ಓಡುವ ಹೆಸರು ಅದು. ವೈದ್ಯರ ಕೈಪಿಡಿಯಲ್ಲಿ ಅಂಥ ರೋಗ ಇಲ್ಲ.

ಹಾಗಂತ ಫೋನಿಗೆ ಕ್ಲೀನ್ ಚಿಟ್ ಕೊಡುತ್ತಿಲ್ಲ. ಬೆಳಿಗ್ಗೆ ಇಡ್ಲಿ ತಿನ್ನಿಸೋಕೆ ಫೋನು, ಅಮ್ಮ ಅಡುಗೆ ಮುಗಿಸೋವರೆಗೆ ಫೋನು, ರಾತ್ರಿ ಮಲಗೋಕೆ ಫೋನು. ಅಷ್ಟೂ ಹೊತ್ತು ಆ ಮಗುವಿನ ಜೊತೆ ಯಾರೂ ಮಾತಾಡಿಲ್ಲ. ಮಾತು ಬರುವುದು ಕೇಳಿಸಿಕೊಳ್ಳುವುದರಿಂದ ಮಾತ್ರ ಅಲ್ಲ, ಉತ್ತರ ಪಡೆಯುವುದರಿಂದ. ಮಗು "ಬಾ" ಅಂದಾಗ ಅಜ್ಜಿ "ಬಾಳೆಹಣ್ಣು ಬೇಕಾ ಪುಟ್ಟ?" ಅನ್ನುತ್ತಾರಲ್ಲ, ಫೋನು ಹಾಗೆ ಅನ್ನಲ್ಲ. ಅದರಿಂದ ಮಾತು ತಡವಾಗಬಹುದು. ಕಣ್ಣು ಕೊಡುವುದೂ ಕಡಿಮೆ ಆಗಬಹುದು. ಫೋನು ಬಿಡಿಸಿ ಮೂರು-ನಾಲ್ಕು ತಿಂಗಳು ಜೊತೆಗೆ ಕೂತು ಆಡಿದಾಗ ಇಂಥ ಮಕ್ಕಳು ಬೇಗ ಸುಧಾರಿಸುತ್ತಾರೆ. ಆಗ "ಆಟಿಸಂ ವಾಸಿಯಾಯ್ತು" ಅನ್ನುತ್ತಾರೆ. ಆ ಮಗುವಿಗೆ ಇದ್ದಿದ್ದು ಆಟಿಸಂ ಅಲ್ಲದೆಯೂ ಇರಬಹುದು.

ಇನ್ನೊಂದು ಕಡೆಯಿಂದಲೂ ನೋಡಬೇಕು. ಆಟಿಸಂ ಇರುವ ಮಗುವಿಗೆ ತಿರುಗುವ ಬಣ್ಣ, ಅದೇ ಅದೇ ಹಾಡು ತುಂಬಾ ಇಷ್ಟ. ಮನುಷ್ಯರ ಮುಖಕ್ಕಿಂತ ಅದು ಸುಲಭ. ಹಾಗಾಗಿ ಮಗುವೇ ಪರದೆಗೆ ಅಂಟಿಕೊಂಡಿರುತ್ತದೆ. ಸುಸ್ತಾದ ಅಮ್ಮನೂ ಕೊಟ್ಟುಬಿಡುತ್ತಾಳೆ. ಅಧ್ಯಯನಗಳಲ್ಲಿ ಫೋನು ಮತ್ತು ಆಟಿಸಂ ಜೊತೆಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಯಾವುದು ಮೊದಲು ಅಂತ ಅಷ್ಟರಿಂದ ಹೇಳೋಕಾಗಲ್ಲ.

ಅಳತೆ ಬೇಕಾದರೆ: ಭಾರತೀಯ ಮಕ್ಕಳ ತಜ್ಞರ ಸಂಘ ಎರಡು ವರ್ಷದೊಳಗೆ ಪರದೆಯೇ ಬೇಡ ಅನ್ನುತ್ತದೆ. ದೂರದ ಅಜ್ಜ-ಅಜ್ಜಿ ಜೊತೆ ವಿಡಿಯೋ ಕಾಲ್ ಮಾಡಬಹುದು, ಅಲ್ಲಿ ಆ ಕಡೆಯಿಂದ ಉತ್ತರ ಬರುತ್ತದೆ.

ಬಸುರಿಯಲ್ಲಿ ಪ್ಯಾರಾಸಿಟಮಾಲ್ ತಗೊಂಡಿದ್ದೆ…

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ಟಿವಿಯಲ್ಲಿ ಈ ಮಾತ್ರೆಗೂ ಆಟಿಸಂಗೂ ಗಂಟು ಹಾಕಿ ಮಾತಾಡಿದ ಮೇಲೆ ಈ ಪ್ರಶ್ನೆ ಜಾಸ್ತಿಯಾಯಿತು. ಅದಕ್ಕೆ ಒಂದು ವರ್ಷ ಮುಂಚೆಯೇ ಸ್ವೀಡನ್‌ನಲ್ಲಿ ಸುಮಾರು 25 ಲಕ್ಷ ಮಕ್ಕಳ ದಾಖಲೆ ನೋಡಿದ್ದರು. ಮೇಲ್ನೋಟಕ್ಕೆ ಚೂರು ಸಂಬಂಧ ಕಂಡಿತು. ಒಂದೇ ತಾಯಿಯ ಮಕ್ಕಳನ್ನು, ಒಂದು ಬಸುರಿಯಲ್ಲಿ ಮಾತ್ರೆ ತಗೊಂಡು ಇನ್ನೊಂದರಲ್ಲಿ ತಗೊಳ್ಳದವರನ್ನು, ಹೋಲಿಸಿದಾಗ ಆ ಸಂಬಂಧ ಮಾಯವಾಯಿತು. ಅಂದರೆ ವ್ಯತ್ಯಾಸ ಮಾತ್ರೆಯಿಂದ ಬಂದಿದ್ದಲ್ಲ. ಜ್ವರ ಬಂದರೆ ಡಾಕ್ಟರನ್ನು ಕೇಳಿ ತಗೊಳ್ಳಿ. ಬಸುರಿಯಲ್ಲಿ ಜ್ವರವನ್ನು ಹಾಗೇ ಬಿಡುವುದೂ ಒಳ್ಳೆಯದಲ್ಲ.

ನಿಜವಾಗಿ ಎಚ್ಚರ ಬೇಕಾದ ಮಾತ್ರೆ ಬೇರೆ ಇದೆ. ಮೂರ್ಛೆ ರೋಗಕ್ಕೆ ಕೊಡುವ ವ್ಯಾಲ್‌ಪ್ರೊಯೇಟ್. ಡೆನ್ಮಾರ್ಕ್ ಲೆಕ್ಕದಲ್ಲಿ ಬಸುರಿಯಲ್ಲಿ ಅದನ್ನು ತಗೊಂಡವರ ಮಕ್ಕಳಲ್ಲಿ ನೂರಕ್ಕೆ ಸುಮಾರು 4.4ಕ್ಕೆ ಆಟಿಸಂ ಕಂಡಿತು, ಉಳಿದವರಲ್ಲಿ 1.5. ಇದನ್ನು ಓದಿ ಮಾತ್ರೆ ನೀವೇ ನಿಲ್ಲಿಸಬೇಡಿ. ಫಿಟ್ಸ್ ಬಂದರೆ ತಾಯಿ-ಮಗು ಇಬ್ಬರಿಗೂ ಅಪಾಯ. ಮದುವೆಗೆ ಮುಂಚೆಯೇ, ಮಗು ಬೇಕು ಅನ್ನುವ ಮೊದಲೇ ನರರೋಗ ತಜ್ಞರ ಹತ್ತಿರ ಮಾತ್ರೆ ಬದಲಿಸುವ ಬಗ್ಗೆ ಮಾತಾಡಿ. ಪಕ್ಕದ ಮನೆಯವರಿಗೆ ಗೊತ್ತಾಗುತ್ತೆ ಅಂತ ಹುಡುಗಿಯ ಫಿಟ್ಸ್ ವಿಷಯ ಮುಚ್ಚಿಟ್ಟು ಮದುವೆ ಮಾಡುತ್ತಾರಲ್ಲ, ಆಗಲೇ ಈ ಮಾತು ತಪ್ಪಿಹೋಗುವುದು.

ಸಿಸೇರಿಯನ್, ಸ್ಕ್ಯಾನಿಂಗ್?

ಸಿಸೇರಿಯನ್ ಬಗ್ಗೆಯೂ ಸ್ವೀಡನ್‌ನಲ್ಲಿ ಒಡಹುಟ್ಟಿದವರನ್ನು ಹೋಲಿಸಿ ನೋಡಿದ್ದಾರೆ. ಸಂಬಂಧ ನಿಲ್ಲಲಿಲ್ಲ. ಸ್ಕ್ಯಾನಿಂಗ್‌ಗೂ ಆಟಿಸಂಗೂ ನಂಟಿದೆ ಅನ್ನಲು ಗಟ್ಟಿ ಪುರಾವೆ ಇಲ್ಲ.

ನಮ್ಮ ಎರಡೂ ಕಡೆ ಯಾರಿಗೂ ಇಲ್ಲ. ಹೇಗೆ ವಂಶದಿಂದ ಬಂತು ಅಂತೀರಿ?

ಐದು ದೇಶಗಳ 20 ಲಕ್ಷ ಮಕ್ಕಳ ದಾಖಲೆ ನೋಡಿ 2019ರಲ್ಲಿ ಲೆಕ್ಕ ಹಾಕಿದಾಗ, ಆಟಿಸಂನಲ್ಲಿ ಜೀನ್‌ಗಳ ಪಾಲು ಸುಮಾರು ನೂರಕ್ಕೆ 80 ಅಂತ ಬಂತು. ಜೀನ್ ಅಂದ ತಕ್ಷಣ 'ಅಪ್ಪನ ಕಡೆಯದೋ ಅಮ್ಮನ ಕಡೆಯದೋ' ಅಂತ ಜಗಳ ಶುರುವಾಗುತ್ತದೆ. ಬೇಡ. ಎಷ್ಟೋ ಸಲ ಎರಡೂ ಕಡೆಯ ನೂರಾರು ಸಣ್ಣ ಸಣ್ಣ ಜೀನ್ ವ್ಯತ್ಯಾಸಗಳು ಒಂದೇ ಮಗುವಿನಲ್ಲಿ ಕೂಡಿಬರುತ್ತವೆ. ಇನ್ನು ಕೆಲವು ಸಲ ಬದಲಾವಣೆ ಆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ, ಅಪ್ಪ-ಅಮ್ಮ ಇಬ್ಬರಲ್ಲೂ ಇರುವುದಿಲ್ಲ.

ಜೀನ್ ಪಾಲು 80 ಅಂದರೆ ಏರಿಕೆಗೂ ಜೀನೇ ಕಾರಣ ಅಂತಲ್ಲ. ಇಪ್ಪತ್ತು ವರ್ಷದಲ್ಲಿ ಮನುಷ್ಯರ ಜೀನ್‌ಗಳು ಅಷ್ಟು ಬದಲಾಗಲ್ಲ. ಏರಿಕೆಯ ಲೆಕ್ಕವೇ ಬೇರೆ, ಅದನ್ನು ಮೇಲೆ ಹೇಳಿದ್ದೇನೆ.

ಸೋದರಮಾವನನ್ನೇ ಮದುವೆಯಾಗಿದ್ದು. ಅದರಿಂದಾನಾ?

ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ರಕ್ತಸಂಬಂಧದಲ್ಲೇ ಆಗುತ್ತದೆ. ಹಾಗಾಗಿ ಈ ಪ್ರಶ್ನೆ ಇಲ್ಲಿ ತಪ್ಪಿದ್ದಲ್ಲ. ಹುಟ್ಟು ಕಿವುಡು, ಬುದ್ಧಿ ಬೆಳವಣಿಗೆಯ ಕೆಲವು ತೊಂದರೆಗಳು, ಮೈಯಲ್ಲಿ ಆಹಾರ ಸರಿಯಾಗಿ ಕರಗದೆ ವಿಷವಾಗುವ ಕಾಯಿಲೆಗಳು — ಇವು ಅಂಥ ಮದುವೆಗಳಲ್ಲಿ ಜಾಸ್ತಿ ಅನ್ನುವುದು ಗಟ್ಟಿಯಾಗಿ ಗೊತ್ತಿದೆ. ಆಟಿಸಂ ಬಗ್ಗೆ ಅಷ್ಟು ಗಟ್ಟಿಯಾಗಿ ಹೇಳೋಕಾಗಲ್ಲ. ಮದುವೆ ಆಗಿಹೋಗಿದೆ. ಈಗ ಮಾಡಬೇಕಾದ್ದು ಜೆನೆಟಿಕ್ ಕೌನ್ಸೆಲಿಂಗ್, ಅತ್ತೆ ಮನೆಯವರ ಪಂಚಾಯ್ತಿ ಅಲ್ಲ.

ಬೆಂಗಳೂರಿನ ಐಟಿ ದಂಪತಿಗಳ ಮಕ್ಕಳಲ್ಲೇ ಜಾಸ್ತಿಯಂತೆ?

ನೆದರ್‌ಲ್ಯಾಂಡ್ಸ್‌ನಲ್ಲಿ ಐಂಡ್‌ಹೋವನ್ ಅನ್ನುವ ತಂತ್ರಜ್ಞಾನದ ಊರಿದೆ. 2011ರಲ್ಲಿ ಅಲ್ಲಿನ ಶಾಲೆಗಳಲ್ಲಿ ಕೇಳಿದಾಗ ಹತ್ತು ಸಾವಿರಕ್ಕೆ 229 ಮಕ್ಕಳು ಆಟಿಸಂ ಅಂತ ಗುರುತಿಸಿಕೊಂಡಿದ್ದರು. ಹಾರ್ಲೆಮ್‌ನಲ್ಲಿ 84, ಉಟ್ರೆಕ್ಟ್‌ನಲ್ಲಿ 57. ಕುತೂಹಲದ ಅಂಕಿಯೇ. ಆದರೆ ಓದಿದ ಅಪ್ಪ-ಅಮ್ಮಂದಿರು ಬೇಗ ತಪಾಸಣೆ ಮಾಡಿಸುತ್ತಾರೆ ಅನ್ನುವುದೂ ಅದರಲ್ಲಿ ಸೇರಿರಬಹುದು. ಬೆಂಗಳೂರಿನ ಮಟ್ಟಿಗೆ ಇದನ್ನೇ ಮೊದಲು ಹೇಳುತ್ತೇನೆ. ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಒಂದೇ ರಸ್ತೆಯಲ್ಲಿ ನಾಲ್ಕು ಥೆರಪಿ ಸೆಂಟರ್ ಬೋರ್ಡ್ ಕಾಣಬಹುದು. ಸುರಪುರದ ಹಳ್ಳಿಯವರು ಒಂದಕ್ಕೆ ಎಷ್ಟು ದೂರ ಬಸ್ಸಿನಲ್ಲಿ ಹೋಗಬೇಕು ಹೇಳಿ.

ನಾನು ಕೆಲಸಕ್ಕೆ ಹೋಗಿದ್ದರಿಂದ, ಮಗುವಿನ ಕಡೆ ಗಮನ ಕೊಡದಿದ್ದರಿಂದ ಬಂತಾ?

ಇಲ್ಲ.

1950-60ರ ದಶಕದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೇ "ತಾಯಿಯ ಪ್ರೀತಿ ತಣ್ಣಗಿದ್ದರಿಂದ ಆಟಿಸಂ" ಅಂತ ಬರೆದರು. ಒಂದು ತಲೆಮಾರಿನ ತಾಯಂದಿರು ಅದನ್ನು ಹೊತ್ತುಕೊಂಡು ಬದುಕಿದರು. ಅವಳಿಗಳ ಅಧ್ಯಯನಗಳು ಬಂದ ಮೇಲೆ ಆ ವಾದ ಬಿದ್ದುಹೋಯಿತು. ನಮ್ಮ ಮನೆಗಳಲ್ಲಿ ಅದು ಇನ್ನೂ ಬಿದ್ದಿಲ್ಲ. "ಬಸುರಿಯಲ್ಲಿ ಗ್ರಹಣ ನೋಡಿದ್ದಳು", "ಗಂಡನ ಜೊತೆ ಜಗಳ ಆಡ್ತಿದ್ದಳು", "ಮಗು ಬಿಟ್ಟು ಆಫೀಸಿಗೆ ಹೋದಳು". ಅಪ್ಪನ ವಯಸ್ಸಿನ ವಿಷಯ ಹೇಳಿದಾಗ ಮಾತ್ರ ಕೋಣೆ ಪೂರ್ತಿ ಸುಮ್ಮನಾಗುತ್ತದೆ.

ಗಾಳಿ, ಔಷಧಿ ಸಿಂಪಡಿಸಿದ ತರಕಾರಿ, ಸೀಸ?

ಹೊಗೆಗಾಳಿ ಮತ್ತು ಕೀಟನಾಶಕಗಳಿಗೆ ಆಟಿಸಂ ಜೊತೆ ನಂಟು ಕಂಡಿರುವ ಅಧ್ಯಯನಗಳಿವೆ. ಅವೇ ಕಾರಣ ಅನ್ನುವಷ್ಟು ಗಟ್ಟಿಯಾಗಿಲ್ಲ. ಬಸುರಿ ಹೆಂಗಸು ತೋಟಕ್ಕೆ ಔಷಧಿ ಹೊಡೆಯುವಾಗ ಅಲ್ಲಿರಬಾರದು ಅನ್ನಲು ಅಷ್ಟೇ ಸಾಕು.

ಸೀಸದ ವಿಷಯ ಬೇರೆ. ಅದು ಮಕ್ಕಳ ಮಿದುಳಿಗೆ ಮಾಡುವ ಹಾನಿ ಪಕ್ಕಾ ಗೊತ್ತಿದೆ. ಬುದ್ಧಿ, ಗಮನ, ನಡವಳಿಕೆ ಎಲ್ಲಕ್ಕೂ ಪೆಟ್ಟು. ಯುನಿಸೆಫ್ 2020ರಲ್ಲಿ ಹೇಳಿದ ಲೆಕ್ಕದಂತೆ ಭಾರತದಲ್ಲಿ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಇರಬೇಕಾದ್ದಕ್ಕಿಂತ ಜಾಸ್ತಿ. ಪೆಟ್ರೋಲ್‌ನಿಂದ 2000ದಲ್ಲೇ ತೆಗೆದರು. ಹಳೇ ಬ್ಯಾಟರಿ ಒಡೆದು ಕರಗಿಸುವ ಶೆಡ್ಡು, ಹಳೇ ಬಣ್ಣದ ಪುಡಿ, ಬಣ್ಣ ಬರಿಸಿದ ಅರಿಸಿನ, ಕೆಲವು ಸುರ್ಮಾಗಳಲ್ಲಿ ಇನ್ನೂ ಉಳಿದಿದೆ. ಮಗು ಮಣ್ಣು, ಸುಣ್ಣ, ಗೋಡೆಯ ಹಕ್ಕಳೆ ತಿನ್ನುತ್ತಿದ್ದರೆ ರಕ್ತದ ಸೀಸ ಪರೀಕ್ಷೆ ಮಾಡಿಸಿ, ಆಟಿಸಂ ಇರಲಿ ಬಿಡಲಿ.

ಆ "ಉಳಿದ ಹನ್ನೊಂದು ಮಕ್ಕಳು" ಅಂದ್ರಲ್ಲ. ಅವರಿಗೆ ಏನಾಗಿರುತ್ತೆ?

ನನ್ನ ಪ್ರಕಾರ ಈ ಪುಟದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಆಟಿಸಂ ತಡೆಯಲು ಇವತ್ತಿಗೆ ದಾರಿ ಇಲ್ಲ. ಉಳಿದ ತೊಂದರೆಗಳಲ್ಲಿ ಎಷ್ಟೋ ತಡೆಯಬಹುದು, ಇಲ್ಲವೇ ಬೇಗ ಹಿಡಿಯಬಹುದು.

ಥೈರಾಯ್ಡ್ ತಗೊಳ್ಳಿ. ಸಾವಿರಕ್ಕೆ ಸುಮಾರು ಒಂದು ಮಗುವಿಗೆ ಹುಟ್ಟುವಾಗಲೇ ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿರುವುದಿಲ್ಲ. ನೋಡಿದರೆ ಗೊತ್ತಾಗಲ್ಲ. ಮಗು ಜಾಸ್ತಿ ಅಳಲ್ಲ, ಚೆನ್ನಾಗಿ ಮಲಗುತ್ತೆ, "ಎಷ್ಟು ಸಾಧು ಮಗು" ಅಂತ ಬಂದವರೆಲ್ಲ ಹೊಗಳುತ್ತಾರೆ. ಹುಟ್ಟಿದ ಎರಡು-ಮೂರು ದಿನಕ್ಕೆ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಸಿಗುತ್ತದೆ. ಎರಡು ವಾರದೊಳಗೆ ಮಾತ್ರೆ ಶುರುಮಾಡಿದರೆ ಮಗು ಎಲ್ಲರ ಹಾಗೆ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಕಳೆದುಹೋದ ಬುದ್ಧಿ ಪೂರ್ತಿ ವಾಪಸ್ ಬರಲ್ಲ. ಮಾತ್ರೆಗೆ ಖರ್ಚು ದಿನಕ್ಕೆ ಕೆಲವೇ ರೂಪಾಯಿ. ಈ ಪರೀಕ್ಷೆ ನಮ್ಮಲ್ಲಿ ಎಲ್ಲ ಆಸ್ಪತ್ರೆಗಳಲ್ಲೂ ತಾನಾಗಿ ಆಗಲ್ಲ. ಡಿಸ್ಚಾರ್ಜ್ ಆಗುವಾಗ ನೀವೇ ಕೇಳಬೇಕು.

ಆಮೇಲೆ ಕಿವಿ. ಹುಟ್ಟಿದ ಮಗುವಿನ ಕಿವಿಗೆ ಚಿಕ್ಕ ಪ್ರೋಬ್ ಇಟ್ಟು ಕೆಲವೇ ನಿಮಿಷದಲ್ಲಿ ನೋಡುವ ಓಎಇ ಪರೀಕ್ಷೆ ಇದೆ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಾತ್ರಿ, ಆರು ತಿಂಗಳೊಳಗೆ ಚಿಕಿತ್ಸೆ — ಇದು ನಮ್ಮ ವೃತ್ತಿಯವರ ಲೆಕ್ಕ. ಮೂರು ವರ್ಷಕ್ಕೆ "ಕರೆದರೆ ತಿರುಗಲ್ಲ, ಆಟಿಸಂ ಇರಬೇಕು" ಅಂತ ಬರುವ ಕೆಲವು ಮಕ್ಕಳಿಗೆ ಇರುವುದು ಕಿವುಡು. ಬಾಗಿಲು ಬಡಿದರೆ ತಿರುಗುತ್ತಾನಲ್ಲ ಅನ್ನುತ್ತಾರೆ. ಬಾಗಿಲು ಬಡಿದಾಗ ನೆಲ ಅದುರುತ್ತದೆ, ಮಗು ತಿರುಗುವುದು ಅದಕ್ಕೆ.

ಹುಟ್ಟಿದ ಮೊದಲ ವಾರದ ಕಾಮಾಲೆಯನ್ನು "ಬಿಸಿಲಿಗೆ ಹಿಡಿದರೆ ಹೋಗುತ್ತೆ" ಅಂತ ಬಿಡುವುದು ಇನ್ನೊಂದು. ಜಾಸ್ತಿಯಾದರೆ ಮಿದುಳಿಗೆ ಏರುತ್ತದೆ. ಕಿವಿ ಹೋಗುತ್ತದೆ, ಕೈಕಾಲು ಸೆಟೆಯುತ್ತವೆ. ನೀಲಿ ಬೆಳಕಿನ ಕೆಳಗೆ ಒಂದೆರಡು ದಿನ ಇಟ್ಟಿದ್ದರೆ ತಪ್ಪುತ್ತಿತ್ತು.

ರಕ್ತಹೀನತೆಯನ್ನು ಯಾರೂ ಕಾಯಿಲೆ ಅಂತಲೇ ಎಣಿಸಲ್ಲ. ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಭಾಗಕ್ಕೆ ರಕ್ತ ಕಡಿಮೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಹೇಳುತ್ತದೆ. ಮಿದುಳು ಬೇಗ ಬೆಳೆಯುವ ವಯಸ್ಸಿನಲ್ಲೇ ಕಬ್ಬಿಣದ ಕೊರತೆ. ಮಗು ಮಂಕಾಗಿರುತ್ತೆ, ಕಲಿಯುವುದು ನಿಧಾನ. ಅಂಗನವಾಡಿಯಲ್ಲಿ ಕೊಡುವ ಕಬ್ಬಿಣದ ಸಿರಪ್ ಬಾಟಲಿ ಎಷ್ಟೋ ಮನೆಗಳಲ್ಲಿ ಕಿಟಕಿಯ ಮೇಲೆ ಧೂಳು ತಿನ್ನುತ್ತಾ ಕೂತಿರುತ್ತದೆ.

ಹೆಣ್ಣುಮಕ್ಕಳಿಗೆ ಬರಲ್ವಾ?

ಬರುತ್ತದೆ. ಸಿಡಿಸಿ ಲೆಕ್ಕದಲ್ಲಿ ಒಂದು ಹುಡುಗಿಗೆ 3.4 ಹುಡುಗರು. ಆದರೆ ಮಾತು ಬರುವ ಹುಡುಗಿಯರನ್ನು ಗುರುತಿಸುವುದೇ ತಡ. ತರಗತಿಯಲ್ಲಿ ಒಂದು ಮೂಲೆಯಲ್ಲಿ ಸುಮ್ನೆ ಕೂತರೆ "ನಾಚಿಕೆ ಸ್ವಭಾವ, ಒಳ್ಳೆ ಹುಡುಗಿ". ಅದೇ ಹುಡುಗ ಹಾಗಿದ್ದರೆ ಟೀಚರ್ ಮನೆಗೆ ಫೋನ್ ಮಾಡುತ್ತಾರೆ.

ಮಾತು ತಡ ಅಂದ್ರೆ ಆಟಿಸಂ ಅಂತಲೇನಾ? ಅವರಪ್ಪನೂ ನಾಲ್ಕು ವರ್ಷಕ್ಕೆ ಮಾತಾಡಿದ್ದಂತೆ.

ಅಲ್ಲ. ಮಾತು ತಡವಾಗುವುದಕ್ಕೆ ಹತ್ತು ಕಾರಣ ಇವೆ. ನಾವು ಮಾತಿಗಿಂತ ಮೊದಲು ಬೆರಳನ್ನು ನೋಡುತ್ತೇವೆ.

ಥೆರಪಿ ಕೋಣೆಯಲ್ಲಿ ಒಂದು ಸೋಪು ನೀರಿನ ಗುಳ್ಳೆ ಊದುವ ಡಬ್ಬಿ ಇರುತ್ತದೆ. ನಾಲ್ಕು ಸಲ ಊದಿ, ಮುಚ್ಚಳ ಹಾಕಿ ಸುಮ್ಮನೆ ಕೂರುತ್ತೇನೆ. ಮಾತು ಮಾತ್ರ ತಡ ಇರುವ ಮಗು ಡಬ್ಬಿಗೆ ಬೆರಳು ತೋರಿಸಿ ನನ್ನ ಮುಖ ನೋಡುತ್ತೆ, "ಊಂ ಊಂ" ಅನ್ನುತ್ತೆ. ಗುಳ್ಳೆ ಒಡೆದರೆ ತಿರುಗಿ ಅಮ್ಮನಿಗೆ ತೋರಿಸುತ್ತೆ: ನೋಡು, ನೀನೂ ನೋಡು ಅಂತ. ಆಟಿಸಂ ಇರುವ ಮಗು ಬಹಳ ಸಲ ನನ್ನ ಕೈ ಹಿಡಿದು ಡಬ್ಬಿಯ ಮೇಲಿಡುತ್ತೆ. ಮುಖ ನೋಡಲ್ಲ. ಕೆಲವು ಮಕ್ಕಳು ಗುಳ್ಳೆ ಬಿಟ್ಟು ಫ್ಯಾನ್ ನೋಡುತ್ತಾ ನಿಲ್ಲುತ್ತಾರೆ. ಬರೀ ಇದೊಂದರಿಂದ ಯಾರೂ ಆಟಿಸಂ ಅಂತ ಬರೆಯಲ್ಲ. ತಪಾಸಣೆ ಮುಂದುವರಿಸಬೇಕು ಅನ್ನುವುದು ಮಾತ್ರ ಅಲ್ಲೇ ಗೊತ್ತಾಗುತ್ತದೆ.

ಒಂದೂವರೆ ವರ್ಷಕ್ಕೂ ಬೆರಳು ತೋರಿಸದಿದ್ದರೆ, ಹೆಸರಿಗೆ ತಿರುಗದಿದ್ದರೆ, ಬಂದ ಪದಗಳು ಹೋಗಿದ್ದರೆ ಅಪ್ಪನ ಕಥೆ ಪಕ್ಕಕ್ಕಿಟ್ಟು ತೋರಿಸಿ. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾ ಎರಡು ವರ್ಷ ಕಾಯುವವರು ಈಗಲೂ ಇದ್ದಾರೆ. ಮಾತು ನಾಲಿಗೆಯಲ್ಲಿ ಇರುವುದಲ್ಲ, ಬಜೆ ಅಲ್ಲಿಗೆ ಮುಟ್ಟಲ್ಲ.

ಕಾರಣ ಗೊತ್ತಿಲ್ಲದಿದ್ದರೂ ವಾಸಿ ಮಾಡ್ತೀವಿ ಅಂತಾರಲ್ಲ, ಸ್ಟೆಮ್ ಸೆಲ್, ಆಕ್ಸಿಜನ್ ಚೇಂಬರ್…

ಸ್ಟೆಮ್ ಸೆಲ್‌ಗೆ ಲಕ್ಷಗಟ್ಟಲೆ ಕೀಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಆಟಿಸಂಗೆ ಅದು ಒಪ್ಪಿತ ಚಿಕಿತ್ಸೆ ಅಲ್ಲ. ಮೈಯಿಂದ ಲೋಹ ತೆಗೆಯುವ ಕೀಲೇಶನ್ ಮಾಡಿಸಿಕೊಂಡ ಮಗುವೊಂದು 2005ರಲ್ಲಿ ಅಮೆರಿಕದಲ್ಲಿ ಸತ್ತೇಹೋಯಿತು. ಹೊಲ ಅಡವಿಟ್ಟು ಈ ಚಿಕಿತ್ಸೆಗೆ ದುಡ್ಡು ಸುರಿಯಬೇಡಿ. ಆ ದುಡ್ಡಿನಲ್ಲಿ ಮನೆಯಲ್ಲಿ ಒಬ್ಬರು ಒಂದು ವರ್ಷ ಕೆಲಸ ಬಿಟ್ಟು ಮಗುವಿನ ಜೊತೆ ಕೂರಬಹುದು.

ಎಲ್ಲಿ ತೋರಿಸೋದು?

ಮೊದಲು ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ಅನ್ನುವ ಸರ್ಕಾರಿ ಮಕ್ಕಳ ತಪಾಸಣಾ ತಂಡಕ್ಕೆ. ಹುಟ್ಟಿದಾಗಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ 2013ರಿಂದ ಇರುವ ಯೋಜನೆ ಇದು. ಅವರು ಚೀಟಿ ಬರೆದರೆ ಜಿಲ್ಲಾ ಆಸ್ಪತ್ರೆಯ ಡಿಇಐಸಿ (ಮಕ್ಕಳ ತೊಂದರೆ ಬೇಗ ಹಿಡಿದು ಚಿಕಿತ್ಸೆ ಕೊಡುವ) ಕೇಂದ್ರಕ್ಕೆ ಹೋಗಿ, ಅಲ್ಲಿ ತಪಾಸಣೆ, ಥೆರಪಿ ಉಚಿತ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಆಟಿಸಂ ಅಂತ ಖಾತ್ರಿಯಾದರೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ಒಂದು ಲಕ್ಷದವರೆಗೆ ಸಿಗುತ್ತದೆ, ಥೆರಪಿ ಖರ್ಚಿಗೂ ಅದರಲ್ಲಿ ಅವಕಾಶ ಇದೆ. ಸರ್ಟಿಫಿಕೇಟ್ ಮಾಡಿಸಿದರೆ ಮಗುವಿಗೆ ಮುದ್ರೆ ಬೀಳುತ್ತೆ ಅಂತ ಹಿಂಜರಿಯುವವರು ಬಹಳ. ಬಂಧುಗಳು ಆಡಿಕೊಳ್ಳುವುದಕ್ಕೆ ಸರ್ಟಿಫಿಕೇಟ್ ಏನೂ ಬೇಕಾಗಿಲ್ಲ ಬಿಡಿ.

ಎರಡನೇ ಮಗು ಮಾಡ್ಕೋಬಹುದಾ?

ಮೊದಲ ಮಗುವಿಗೆ ಆಟಿಸಂ ಇದ್ದರೆ ಎರಡನೇದಕ್ಕೂ ಬರುವ ಸಾಧ್ಯತೆ ಸುಮಾರು ಐದರಲ್ಲಿ ಒಂದು. ಅಂದರೆ ಐದರಲ್ಲಿ ನಾಲ್ಕು ಸಲ ಬರಲ್ಲ. ಇದನ್ನು ಕೇಳಿ ಕೆಲವರು ಸಮಾಧಾನ ಪಡುತ್ತಾರೆ, ಕೆಲವರು ಬೇಡ ಅಂತ ತೀರ್ಮಾನಿಸುತ್ತಾರೆ. ಎರಡೂ ಸರಿಯೇ. ಬೇಕು ಅಂತ ತೀರ್ಮಾನಿಸಿದರೆ ಮೊದಲ ಮಗುವಿನ ಜೆನೆಟಿಕ್ ಪರೀಕ್ಷೆಯನ್ನು ಬಸುರಿಗೆ ಮುಂಚೆಯೇ ಮಾಡಿಸಿ. ಫ್ರಾಜೈಲ್ ಎಕ್ಸ್‌ನಂಥ, ಒಂದೇ ಜೀನ್‌ನಿಂದ ಬರುವ ಕಾರಣ ಸಿಕ್ಕರೆ ಆ ಐದರಲ್ಲಿ ಒಂದು ಅನ್ನುವ ಲೆಕ್ಕವೇ ಬದಲಾಗುತ್ತದೆ. ಹುಟ್ಟಿದ ಮೇಲೆ ಒಂಬತ್ತು, ಹನ್ನೆರಡು, ಹದಿನೆಂಟನೇ ತಿಂಗಳಿಗೆ ತಪಾಸಣೆಗೆ ಕರೆತನ್ನಿ, ಮಗು ಎಷ್ಟೇ ಚೂಟಿಯಾಗಿದ್ದರೂ.